ವಲೆನ್ಸಿಯಾದ ರೂಮಿಗೆ ಇಳಕಲ್ಲಿನ ಚೌಕಾಸಿ

ಒಂದು ರಾತ್ರಿಗೆ ಎಪ್ಪತ್ತೊಂದು ಯುರೋ. ನಮ್ಮ ರೂಪಾಯಿಯಲ್ಲಿ ಏಳು ಸಾವಿರದ ಮೇಲೆ ಚಿಲ್ಲರೆ. ಇಬ್ಬರು ಹೆಂಗಸರು, ಐದು ರಾತ್ರಿ, ಒಂದು ರೂಮು. ಬಚ್ಚಲು ಒಳಗೇ ಇದೆ, ಲಿಫ್ಟು ಇದೆ, ನಾಷ್ಟಾ ಇಲ್ಲ. ಸ್ಪೇನ್ ದೇಶದ ವಲೆನ್ಸಿಯಾ ಎಂಬ ಊರಿನಲ್ಲಿ ಇದಕ್ಕೆ ಸೋವಿ ಹೋಟೆಲು ಅನ್ನುತ್ತಾರೆ. ತುಟ್ಟಿಯಾಯಿತೆಂದು ನಾನು ಅಳುತ್ತಿಲ್ಲ, ಆ ಊರಿಗೆ ಆ ದರ ಸರಿಯೇ. ಹೊಟ್ಟೆ ಉರಿಯುವುದು ಯಾಕೆಂದರೆ, ಅದೇ ಹೋಟೆಲಿನಲ್ಲಿ ಅಂಥದೇ ರೂಮು ಅದೇ ವಾರದ ಸೋಮವಾರ ಐವತ್ತೆಂಟು ಯುರೋಕ್ಕೆ ನನ್ನ ಕೈಯಲ್ಲಿತ್ತು. ಮೇಲಿನ ಹದಿಮೂರು ಯುರೋ ಯಾರೂ ನನ್ನಿಂದ ಕಸಿದುಕೊಂಡದ್ದಲ್ಲ. ನನ್ನ ಜಾಣತನಕ್ಕೆ ನಾನೇ ಕಟ್ಟಿದ ದಂಡ.

ನಾನು ಇಳಕಲ್ಲಿನಲ್ಲಿ ಸೀರೆ ವ್ಯಾಪಾರ ಮಾಡುವವಳು. ಹೆಸರು ಶಾರದಾ. ಇಪ್ಪತ್ತಾರು ವರ್ಷದ ಹಿಂದೆ ಹನ್ನೊಂದು ಸೀರೆಗಳ ಗಂಟು ಕಟ್ಟಿಕೊಂಡು ಬಾಗಲಕೋಟೆ ಬಸ್ಸು ಹತ್ತಿದೆ. ವಿದ್ಯಾಗಿರಿಯಲ್ಲಿ ಕಾಲೇಜಿನ ಮೇಡಮ್ಮುಗಳ ಮನೆ ಮನೆಗೂ ಹೋಗಿ, ಅವರ ಸೋಫಾದ ಮೇಲೆ ಅಲ್ಲ, ಎದುರಿಗೆ ನೆಲದ ಮೇಲೆ ಕೂತು ಮಾರಿದೆ. ಸೋಫಾದ ಮೇಲೆ ಕೂತವಳ ಹತ್ತಿರ ಗಿರಾಕಿಗೆ ಚೌಕಾಸಿ ಮಾಡಲು ಮನಸ್ಸಾಗುವುದಿಲ್ಲ, ಚೌಕಾಸಿ ಮಾಡದ ಗಿರಾಕಿ ಕೊಳ್ಳುವುದೂ ಇಲ್ಲ. ಈಗ ಎರಡು ಶಟರಿನ ಅಂಗಡಿ ಇದೆ. ಇಷ್ಟು ಹೇಳಿದ್ದು ಹೊಗಳಿಕೊಳ್ಳಲಿಕ್ಕಲ್ಲ. ಹೇಳಿದ ಬೆಲೆಗೆ ಈ ಕೈ ಕೊತ್ತಂಬರಿ ಸಿವುಡನ್ನೂ ಕೊಂಡದ್ದಿಲ್ಲ, ಅದು ನಿಮಗೆ ಗೊತ್ತಿರಲಿ ಎಂದು.

ಸ್ಪೇನಿಗೆ ಹೋಗುವ ಯೋಗ ಬಂದದ್ದು ನನಗಲ್ಲ, ಗೌರಕ್ಕನಿಗೆ. ಗೌರಕ್ಕ ನಮ್ಮ ಹಿಂದಿನ ಓಣಿಯ ನೇಕಾರಳು. ನನಗಿಂತ ಹತ್ತು ವರ್ಷ ದೊಡ್ಡವಳು. ನನ್ನ ಆ ಮೊದಲ ಗಂಟಿನ ಹನ್ನೊಂದು ಸೀರೆಯಲ್ಲಿ ನಾಲ್ಕು ಅವಳು ನೇಯ್ದವು. ಇಳಕಲ್ ಸೀರೆಯ ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಹೊಲಿದು ಜೋಡಿಸುವುದಿಲ್ಲ. ಮಗ್ಗದ ಮೇಲೆಯೇ ಆ ಎಳೆಗೆ ಈ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಸಾವಿರಾರು ಕೊಂಡಿ. ಗೌರಕ್ಕನ ಕೊಂಡಿ ಎಲ್ಲಿದೆ ಎಂದು ಬೆರಳಾಡಿಸಿದರೂ ಸಿಗುವುದಿಲ್ಲ. ವಲೆನ್ಸಿಯಾದಲ್ಲಿ ಕೈಮಗ್ಗದ ಪ್ರದರ್ಶನವಂತೆ. ಅಲ್ಲಿ ಕೂತು ಇದನ್ನು ಮಾಡಿ ತೋರಿಸಬೇಕು. ನೇಕಾರಳ ಜೊತೆ ಒಬ್ಬರು ಬರಬಹುದು, ವಿಮಾನದ ಟಿಕೆಟ್ ಪ್ರದರ್ಶನದವರದು, ಉಳಿಯುವ ವ್ಯವಸ್ಥೆ ನಮ್ಮದು.

ಅವರು ಗೌರಕ್ಕನ ಹೆಸರು ಮತ್ತು ಫೋಟೋ ಕೇಳಿದ್ದರು. ನಾನು ಫೋಟೋ ತೆಗೆಯಲು ಹೋದಾಗ ಅವಳಿಗೆ ಸಂಶಯ.

"ನನ್ನ ಹೆಸರ ತೊಗೊಂಡು ಅವ್ರೇನ್ ಮಾಡ್ತಾರ ಶಾರಿ?"

"ನಿನ್ನ ಮುಂದ ಬೋರ್ಡ್ ಹಚ್ತಾರಕ್ಕ. ನೇಯ್ದವರು ಗೌರವ್ವ, ಇಳಕಲ್, ಅಂತ."

"ಇನ್ನೊಮ್ಮೆ ಹೇಳು."

ಹೇಳಿದೆ. ಅವಳು ಸೆರಗು ಸರಿ ಮಾಡಿಕೊಂಡು, "ಹಂಗಾದ್ರ ಚಲೋ ಫೋಟೋ ತಗಿ, ಕಣ್ಣ ಮುಚ್ಚಿದ್ದ ಕಳಸಬ್ಯಾಡ" ಅಂದಳು.

ಅವಳು ಇನ್ನೊಮ್ಮೆ ಹೇಳಿಸಿದ್ದು ಯಾಕೆಂದು ನನಗೆ ಗೊತ್ತು. ಅವಳ ಸೀರೆಗಳು ಇಪ್ಪತ್ತಾರು ವರ್ಷದಿಂದ ನನ್ನ ಅಂಗಡಿಯ ಚೀಲದಲ್ಲಿ, ನನ್ನ ಹೆಸರಿನಲ್ಲಿ ಊರೂರಿಗೆ ಹೋಗಿವೆ. ನೇಯ್ದವರು ಯಾರೆಂದು ಗಿರಾಕಿ ಕೇಳುವುದಿಲ್ಲ, ಕೇಳಿದರೂ ನಾನು ಹೇಳುತ್ತಿರಲಿಲ್ಲ. ಹೇಳಿದರೆ ಮುಂದಿನ ಸಲ ನೆಟ್ಟಗೆ ಅವಳ ಮನೆಗೇ ಹೋಗುತ್ತಾರೆ. ಇದು ವ್ಯಾಪಾರ, ಇದರಲ್ಲಿ ಮುಚ್ಚಿಡುವುದೇನೂ ಇಲ್ಲ.

ಇನ್ನು ರೂಮಿನ ವಿಷಯ. ಸ್ಪೇನಿನ ವೀಸಾ ಬೇಕಾದರೆ ಅಲ್ಲಿ ಎಲ್ಲಿ ಮಲಗುತ್ತೀರಿ ಎಂಬ ಕಾಗದ ಮೊದಲು ತೋರಿಸಬೇಕು. ಬೆಂಗಳೂರಿನ ವೀಸಾ ಕಚೇರಿಯಲ್ಲಿ ನಮಗೆ ಶುಕ್ರವಾರದ ಪಾಳಿ ಸಿಕ್ಕಿತ್ತು. ಅದು ತಪ್ಪಿದರೆ ಮುಂದಿನ ಪಾಳಿ ಪ್ರದರ್ಶನ ಮುಗಿದ ಮೇಲೆ. ಅಂದರೆ ರೂಮಿನ ಕಾಗದ ಇಲ್ಲದಿದ್ದರೆ ಗೌರಕ್ಕನ ಬೋರ್ಡೂ ಇಲ್ಲ. ಇಷ್ಟು ಸರಳ.

ಗೌರಕ್ಕ ತನ್ನ ಬೇಡಿಕೆ ಮೂರೇ ಎಂದಳು.

"ಬಚ್ಚಲಾ ರೂಮಿನ ಒಳಗ ಇರಬೇಕು. ಜಳಕಾ ಮಾಡಿ ಲಿಂಗಪೂಜಿ ಆಗದ ನಾ ನೀರ ಸೈತ ಕುಡಿಯಂಗಿಲ್ಲ. ಮಂದಿ ಕೂಡ ಪಾಳಿ ಹಚ್ಚಿ ನಿಂದ್ರಾಕ ಆಗಂಗಿಲ್ಲ."

"ಆತು. ಎರಡನೇದು?"

"ಬಕೀಟು, ತಂಬಿಗಿ. ಮ್ಯಾಲಿಂದ ಸುರಿಯೋ ನೀರು ಜಳಕಾ ಅಲ್ಲ, ಮಳಿ."

"ಮೂರನೇದು?"

"ಪ್ರದರ್ಶನದ ಜಾಗಾಕ್ಕ ನಡಕೊಂತ ಹೋಗುವಂಗ ಇರಬೇಕು. ನೀ ದಿನಾ ಮುಂಜಾನಿ ರಿಕ್ಷಾದವನ ಕೂಡ ಚೌಕಾಸಿ ಮಾಡ್ಕೋತ ನಿಂತ್ರ ನನ್ನ ಆಯುಷ್ಯ ಅಲ್ಲೇ ಮುಗೀತೈತಿ."

ಲಾಡ್ಜು ನೋಡುವುದರಲ್ಲಿ ನಾನು ಬಾದಾಮಿಯಲ್ಲಿ ಪಳಗಿದವಳು. ಗುಹೆ ನೋಡಲು ಬರುವವರಿಗೆ ಸೀರೆ, ಖಣ ಮಾರಲು ಚಳಿಗಾಲದಲ್ಲಿ ಅಲ್ಲಿ ಎರಡೆರಡು ದಿನ ಉಳಿಯುತ್ತಿದ್ದೆ. ರೊಕ್ಕ ಕೊಡುವ ಮೊದಲು ರೂಮು ನೋಡಬೇಕು. ನೋಡುವುದು ಎಂದರೆ ಬಾಗಿಲಲ್ಲಿ ನಿಂತು ತಲೆ ಆಡಿಸುವುದಲ್ಲ. ನಳ ತಿರುವಬೇಕು. ತಲೆದಿಂಬು ಮೂಸಬೇಕು. ಒಳಗಿನಿಂದ ಚಿಲಕ ಹಾಕಿ ಒಮ್ಮೆ ಜಗ್ಗಬೇಕು. ಬಿಸಿನೀರು ಇದೆಯೇ ಎಂದು ಕೇಳಬಾರದು, ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಬೇಕು. ಅಲ್ಲಿನ ಒಬ್ಬ ಮ್ಯಾನೇಜರ ನನ್ನನ್ನು ಕಂಡ ಕೂಡಲೇ ಚಾವಿಗಳ ಗೊಂಚಲನ್ನೇ ನನ್ನ ಮುಂದೆ ಇಟ್ಟುಬಿಡುತ್ತಿದ್ದ. "ನೀವ ಹುಡುಕ್ಕೋರಿ ಅಕ್ಕಾರ, ನನಗ ನಿಮ್ಮ ಹಿಂದ ಮೂರು ಮಾಳಗಿ ಹತ್ತೋದು ಇಳಿಯೋದು ಆಗಂಗಿಲ್ಲ" ಅನ್ನುತ್ತಿದ್ದ.

ನನ್ನ ಜೀವನದ ಮೊದಲ ಮುಕ್ಕಾಮಿಗೆ ಇಂಥ ತಪಾಸಣೆಯೇನೂ ಇರಲಿಲ್ಲ. ತುಳಸಿಗೇರಿ ಹನುಮಪ್ಪನ ಗುಡಿಯ ಕಟ್ಟೆ. ನನಗೆ ಏಳೋ ಎಂಟೋ ವರ್ಷ. ಅಪ್ಪನ ಹರಕೆ ಇತ್ತು, ಕೊನೆಯ ಬಸ್ಸು ತಪ್ಪಿತ್ತು. ಅವ್ವ ಕೌದಿ ಹಾಸಿ, ಬುತ್ತಿಯ ಗಂಟನ್ನು ನನ್ನ ತಲೆಯ ಕೆಳಗೆ ಇಟ್ಟಳು. ದಿಂಬು ಮೆತ್ತಗಿರಲಿ ಎಂದಲ್ಲ, ನಾಯಿ ಬಂದರೆ ನನಗೆ ಎಚ್ಚರವಾಗಲಿ ಎಂದು. ರೊಟ್ಟಿಯ ಮೇಲೆ ತಲೆ ಇಟ್ಟು ಮಲಗಿದ್ದರಿಂದ ಬೆಳಿಗ್ಗೆ ಎಲ್ಲರಿಗೂ ರೊಟ್ಟಿಯ ಚೂರೇ ಸಿಕ್ಕಿತು. ಅದನ್ನು ಮೊಸರಿನಲ್ಲಿ ಕಲಸಿ ತಿಂದ ರುಚಿ ಇವತ್ತಿಗೂ ನಾಲಿಗೆಯ ಮೇಲಿದೆ. ಪುಕ್ಕಟೆ ಸಿಕ್ಕದ್ದಕ್ಕೆ ರುಚಿ ಹೆಚ್ಚು ಎಂಬ ನಂಬಿಕೆ ನನಗೆ ಅಲ್ಲಿಂದಲೇ ಬಂದಿರಬೇಕು.

ವಲೆನ್ಸಿಯಾದ ದಿಂಬನ್ನು ಇಳಕಲ್ಲಿನಿಂದ ಮೂಸುವುದು ಹೇಗೆ? ಫೋನಿನಲ್ಲಿ ಹೋಟೆಲುಗಳ ಚಿತ್ರ ನೋಡಿದೆ. ಚಿತ್ರವನ್ನು ನಂಬುವ ಹೆಂಗಸು ನಾನಲ್ಲ, ನನ್ನ ಅಂಗಡಿಯ ಚಿತ್ರವನ್ನೂ ನಾನು ಮೂಲೆಯಲ್ಲಿ ನಿಂತು ತೆಗೆಸಿದ್ದೇನೆ, ಜಾಗ ಎರಡರಷ್ಟು ಕಾಣುತ್ತದೆ. ಕೆಳಗೆ ಉಳಿದು ಹೋದವರು ಬರೆದ ಮಾತುಗಳು ಇರುತ್ತವೆ. ಹೊಗಳಿದವರನ್ನು ಬಿಟ್ಟು ಬೈದವರನ್ನು ಓದಿದೆ. ಒಬ್ಬ, ರೂಮು ಸಣ್ಣದು ಎಂದಿದ್ದ. ನಮಗೇನು, ಅಲ್ಲಿ ಮಗ್ಗ ಹೂಡುವುದಿಲ್ಲ. ಇನ್ನೊಬ್ಬ, ಸುತ್ತ ಹೆಂಡದಂಗಡಿ ಒಂದೂ ಇಲ್ಲ ಎಂದು ಅತ್ತಿದ್ದ. ಅದು ನಮಗೆ ಲಾಭ. ಒಬ್ಬಾಕೆ ಬರೆದಿದ್ದಳು: ಮುಂಜಾನೆ ಆರಕ್ಕೆ ನೀರು ಕಾದೇ ಇತ್ತು, ಆದರೆ ಗೋಡೆಯ ಬಣ್ಣ ಚಂದವಿಲ್ಲ. ಅಷ್ಟು ಸಾಕಾಯಿತು. ಪ್ರದರ್ಶನದ ಜಾಗಕ್ಕೆ ಹನ್ನೆರಡು ನಿಮಿಷದ ದಾರಿ, ಒಂದು ರಾತ್ರಿಗೆ ಐವತ್ತೆಂಟು ಯುರೋ. ಬುಕ್ ಮಾಡಿದೆ. ಅಲ್ಲಿಗೆ ಬಿಟ್ಟಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಹೇಳಿದ ಬೆಲೆಗೆ ಕೊಂಡೆನಲ್ಲ ಎಂದು ನನಗೆ ಊಟ ಸೇರಲಿಲ್ಲ. ಫೋನಿಗೆ ಕನ್ನಡದಲ್ಲಿ ಹೇಳಿದರೆ ಅದು ಅವರ ಭಾಷೆಗೆ ತಿರುಗಿಸುತ್ತದೆ, ಅದನ್ನು ಹೋಟೆಲಿಗೆ ಕಳಿಸಿದೆ. ನಾವು ಇಬ್ಬರು ಹೆಂಗಸರು, ಮಾಂಸ ಇಲ್ಲ, ಸೆರೆ ಇಲ್ಲ, ಬೀಡಿ ಸಿಗರೇಟು ಇಲ್ಲ, ನಿಮ್ಮ ರೂಮು ನಮ್ಮಿಂದ ಹೊಲಸಾಗುವುದಿಲ್ಲ, ಮುಂಜಾನೆ ಜಳಕ ಮಾಡಿ ಊದಿನಕಡ್ಡಿ ಹಚ್ಚಿ ಪೂಜೆ ಮಾಡುತ್ತೇವೆ, ಒಂದು ಬಕೀಟು ಬೇಕು, ಕಟ್ಟಕಡೆಯ ದರ ಹೇಳಿರಿ. ಮಾರ್ತಾ ಎಂಬಾಕೆಯ ಉತ್ತರ ಬಂತು. ದರ ತೋರಿಸಿದ್ದೇ, ಬರುವ ಮೂರು ದಿನ ಮುಂಚಿನವರೆಗೂ ಪುಕ್ಕಟೆ ರದ್ದು ಮಾಡಬಹುದು, ವಂದನೆಗಳು. ಐವತ್ತಕ್ಕೆ ಕೊಡಿ ಎಂದೆ. ಅದೇ ಉತ್ತರ. ಐವತ್ತೆರಡಕ್ಕೆ ಕೊಟ್ಟರೆ ಇಳಕಲ್ಲಿನವರು ಯಾರೇ ಬಂದರೂ ನಿಮ್ಮಲ್ಲಿಗೇ ಕಳಿಸುತ್ತೇನೆ ಎಂದೆ. ಝೆರಾಕ್ಸ್ ತೆಗೆದ ಹಾಗೆ ಮತ್ತೆ ಅದೇ.

ನಮ್ಮ ಮನೆಯವರು ಪೇಪರು ಓದುತ್ತಿದ್ದವರು ಅದರ ಹಿಂದಿನಿಂದಲೇ, "ಸ್ಪೇನ್ ಏನ್ ಅಮೀನಗಡದ ಸಂತಿ ಐತೇನ ನಿನಗ? ಆಕಿ ಹೇಳಿದ್ದ ಕೊಟ್ಟು ಸುಮ್ಮನ ಇರು" ಅಂದರು.

"ಮಂದಿ ಎಲ್ಲಾ ಕಡೆ ಮಂದೀನ ರೀ."

"ಹಂಗಂತ ಹೇಳಿ ಆ ಫ್ರಿಜ್ಜಿನ ಅಂಗಡಿಯವನ ಹತ್ರ ಏನ್ ಮಾಡಿದಿ, ನೆನಪೈತಿಲ್ಲ?"

ನೆನಪಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ನನ್ನ ಗುರು ನನ್ನ ಅವ್ವ, ಸಾಲೆ ಹುನಗುಂದದ ಸಂತೆ. ಅವ್ವ ಒಂದು ಸಾಮಾನು ಕೈಗೆತ್ತಿಕೊಂಡು, ಮುಖ ಹುಳ್ಳಗೆ ಮಾಡಿ, ಬೆಲೆ ಕೇಳಿ, ಅರ್ಧಕ್ಕೆ ಬೇಡಿ, ಅವನು ಒಲ್ಲೆ ಅಂದಾಗ ಎದ್ದುಬಿಡುತ್ತಿದ್ದಳು. ಅಲ್ಲಿ ನನ್ನ ಪಾತ್ರ ಬರುತ್ತಿತ್ತು. ನಾನು ಸೆರಗು ಜಗ್ಗಿ, "ಅವ್ವಾ, ಬಸ್ ಹೊಂಟೈತಿ" ಅನ್ನಬೇಕು. ಅವ್ವ ಮೂರು ಹೆಜ್ಜೆ ಇಡಬೇಕು. ನಾಲ್ಕನೆಯದಕ್ಕೆ ಹಿಂದಿನಿಂದ "ಬರ್ರಿ ಯವ್ವಾರ, ಬರ್ರಿ, ಸಿಟ್ಟಾಗಬ್ಯಾಡ್ರಿ" ಬರಬೇಕು. ಬರುತ್ತಿತ್ತು. ಒಂದು ಸಲ ಮಾತ್ರ ರೊಟ್ಟಿ ಸುಡುವ ಹಂಚಿನ ವ್ಯಾಪಾರದಲ್ಲಿ ಪಕ್ಕದ ಮಿರ್ಚಿ ಬಂಡಿಯ ಕಡೆ ನೋಡುತ್ತ ನನ್ನ ಮಾತು ಮರೆತೆ. ಬಸ್ಸಿನ ಅವಸರವೇ ಇಲ್ಲದವರನ್ನು ಅವನು ಯಾಕೆ ಕರೆದಾನು? ಅವ್ವ ಮಾನ ಬಿಟ್ಟು ತಿರುಗಲಾರದೆ ನಡೆದಳು, ನಡೆದಳು, ಬಸ್ ಸ್ಟ್ಯಾಂಡಿನವರೆಗೂ ನಡೆದಳು. ಆ ವಾರವೆಲ್ಲ ಪಕ್ಕದ ಮನೆಯ ಹಂಚಿನಲ್ಲಿ ರೊಟ್ಟಿ. ನನ್ನ ತೊಡೆಯ ಮೇಲೆ ಅವ್ವ ಚಿವುಟಿದ ಎರಡು ಉಗುರಿನ ಗುರುತು.

ಮುಂದೆ ಅಂಗಡಿ ಹಾಕಿದಾಗ ನಾನು ಆಚೆ ಬದಿಗೆ ಬಂದೆ. ಚಪ್ಪಲಿಗೆ ಕಾಲು ಹಾಕುವ ಗಿರಾಕಿಯನ್ನು ಕರೆಯುವುದು ಯಾವ ಹೊತ್ತಿಗೆ ಎಂದು ಕಲಿತೆ. ಒಂದು ಕಾಲು ಹಾಕಿದಾಗ ಕರೆದರೆ ನಮಗೆ ನಷ್ಟ, ಎರಡನೆಯದಕ್ಕೆ ಕರೆದರೆ ಸರಿಹೋಗುತ್ತದೆ.

ಹೀಗಾಗಿ ಪುಕ್ಕಟೆ ರದ್ದು ಎಂಬ ಮಾತು ನನಗೆ ಎದ್ದು ಹೋಗುವ ಆಟಕ್ಕೆ ಸಿಕ್ಕ ಚಪ್ಪಲಿಯ ಹಾಗೆ ಕಂಡಿತು. ಸೋಮವಾರ ಮಧ್ಯಾಹ್ನ ಫೋನಿನಲ್ಲಿ ಗುಂಡಿ ಒತ್ತಿ ರೂಮು ಬಿಟ್ಟೆ. ಇನ್ನು ಮಾರ್ತಾ ಕರೆಯಬೇಕು. ಐವತ್ತಮೂರು ಅನ್ನುತ್ತಾಳೆ, ನಾನು ಐವತ್ತೊಂದು ಅನ್ನುತ್ತೇನೆ, ಐವತ್ತೆರಡಕ್ಕೆ ಮುಗಿಯುತ್ತದೆ ಎಂದು ಮನಸ್ಸಿನಲ್ಲೇ ವ್ಯಾಪಾರ ಮುಗಿಸಿದೆ. ಒಂದು ಕಾಗದ ಬಂತು. ನಿಮ್ಮ ರೂಮು ರದ್ದಾಗಿದೆ, ಮತ್ತೆ ಯಾವಾಗಲಾದರೂ ಬನ್ನಿ. ಇದು ಮೊದಲ ಹೆಜ್ಜೆ ಅಂದುಕೊಂಡೆ. ಮಂಗಳವಾರ ಏನೂ ಇಲ್ಲ. ಗಟ್ಟಿ ಹೆಂಗಸು ಎಂದು ಮೆಚ್ಚಿಕೊಂಡೆ. ಬುಧವಾರ ಬೆಳಿಗ್ಗೆ ನಾನೇ ಹೋಟೆಲಿನ ಪುಟ ತೆರೆದು ನೋಡಿದರೆ, ಆ ದಿನಗಳಿಗೆ ರೂಮು ಖಾಲಿ ಇಲ್ಲ ಎಂದಿತ್ತು.

ಬೇರೆ ಹೋಟೆಲು ನೋಡಿದೆ. ಕೈಗೆಟಕುವಂಥವು ಮೂರು ಉಳಿದಿದ್ದವು. ಒಂದರಲ್ಲಿ ಎಂಟು ಮಂದಿಗೆ ಒಂದೇ ಕೋಣೆ, ಗಂಡಸರು ಹೆಂಗಸರು ಕೂಡಿಯೇ. ಒಂದರ ಬಚ್ಚಲು ಪಡಸಾಲೆಯ ಕೊನೆಗೆ, ಎಲ್ಲರಿಗೂ ಸೇರಿದ್ದು. ಮೂರನೆಯದು ಊರ ಹೊರಗೆ, ಇಳಕಲ್ಲಿಗೂ ಹುನಗುಂದಕ್ಕೂ ಇರುವಷ್ಟು ದೂರ. ಒಳ್ಳೆಯ ಹೋಟೆಲುಗಳ ದರ ಕೇಳಿದರೆ ಅದರಲ್ಲಿ ಅಂಗಡಿಗೆ ಮೂರನೆಯ ಶಟರು ಹಾಕಬಹುದಿತ್ತು. ಗುರುವಾರ ಸಂಜೆ ಬೆಂಗಳೂರಿನ ಬಸ್ಸು ಹತ್ತಬೇಕು. ಕೈಯಲ್ಲಿ ಕಾಗದ ಇಲ್ಲ.

ಗೌರಕ್ಕನಿಗೆ ಹೇಳದೆ ದಾರಿ ಇರಲಿಲ್ಲ. ಅವಳು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ನಾನು ಕುಣಿಯ ಅಂಚಿಗೆ ಕೂತೆ. ಲಾಳಿ ಆಚೆ ಈಚೆ ಹತ್ತು ಸಲ ಹೋಗಿ ಬಂದ ಮೇಲೆ ಅವಳೇ ಕೇಳಿದಳು.

"ಏನಾತು? ಮಾರಿ ಯಾಕ ಹಂಗ ಮಾಡಿ?"

"ರೂಮು ಹೋತಕ್ಕ."

"ಯಾರ ಕಸಗೊಂಡ್ರು?"

"ಯಾರೂ ಇಲ್ಲ. ನಾನ ಬಿಟ್ನಿ."

ಲಾಳಿ ನಿಂತಿತು. "ಯಾಕ?"

"ಕರೀತಾಳ ಅಂತ ಮಾಡಿದ್ನಿ. ಆರು ಯುರೋ ಕಡಿಮಿ ಮಾಡ್ತಿದ್ಲು."

"ಕರೀಲಿಲ್ಲ?"

"ಇಲ್ಲ."

ಬೈಯುತ್ತಾಳೆ ಎಂದು ಕಾದೆ. ಅವಳು ಬೈಯಲಿಲ್ಲ. ಹರಿದ ಒಂದು ಎಳೆಯನ್ನು ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸಿದಳು. ಆಮೇಲೆ ಬೆಲೆ ಹೇಳುವ ದನಿಯಲ್ಲೇ ಹೇಳಿದಳು:

"ನನ್ನ ಕೂಡಾನೂ ಹಿಂಗ ಮಾಡ್ತಿದ್ದಿ ನೀ. ಸೀರಿ ಮಡಚಿ ಇಟ್ಟು ಎದ್ದು ಹೊಂಟಬಿಡ್ತಿದ್ದಿ. ನಾ ಕರೀತಿದ್ನಿ. ನೀ ಶ್ಯಾಣ್ಯಾಕಿ ಅಂತ ಕರೀತಿದ್ದಿಲ್ಲ ಶಾರಿ. ಮನ್ಯಾಗ ಜ್ವಾಳ ಇರ್ತಿದ್ದಿಲ್ಲ, ಅದಕ್ಕ ಕರೀತಿದ್ನಿ. ಆ ಸ್ಪೇನಿನಾಕಿ ಮನ್ಯಾಗ ಜ್ವಾಳ ಐತಿ."

ನಾನು ಫೋನು ಹೊರಗೆ ತೆಗೆದೆ.

"ಈಗೇನ್ ಮಾಡ್ತಿ?" ಅಂದಳು.

"ಇನ್ನೊಮ್ಮೆ ಬರೀತೇನಿ."

"ವ್ಯಾಪಾರದ ಮಾತ ಬರೀಬ್ಯಾಡ. ಇದ್ದದ್ದ ಬರಿ."

ಅಲ್ಲೇ, ಮಗ್ಗದ ಅಂಚಿಗೇ ಕೂತು ಬರೆದೆ. ನಾನು ರೂಮು ರದ್ದು ಮಾಡಿದ್ದು ನೀವು ಕರೆದು ಕಡಿಮೆ ಮಾಡುತ್ತೀರಿ ಎಂದು. ನಮ್ಮ ಸಂತೆಯಲ್ಲಿ ಹಾಗೆ ಮಾಡುತ್ತಾರೆ. ತಪ್ಪು ನನ್ನದು. ನನ್ನ ಜೊತೆ ಬರುವಾಕೆ ನೇಕಾರಳು, ಐವತ್ತೊಂಬತ್ತು ವರ್ಷ, ಹೊರದೇಶಕ್ಕೆ ಮೊದಲ ಸಲ ಹೊರಟಿದ್ದಾಳೆ. ನಾಡಿದ್ದು ವೀಸಾ ಕಚೇರಿಯಲ್ಲಿ ಕಾಗದ ತೋರಿಸದಿದ್ದರೆ ಅವಳು ಬರಲಾರಳು. ಒಳಗೆ ಬಚ್ಚಲಿರುವ ಯಾವ ರೂಮಾದರೂ ಸರಿ, ನೀವು ಹೇಳಿದ ದರ ಕೊಡುತ್ತೇನೆ. ಕಳಿಸಿದೆ. ನಮಗೆ ಮಧ್ಯಾಹ್ನವಾದಾಗ ಅವರಿಗೆ ಮುಂಜಾನೆ. ಗೌರಕ್ಕ ಜುಣಕ ರೊಟ್ಟಿ ಕೊಟ್ಟಳು, ತಿಂದೆ. ಅವಳು ಮತ್ತೆ ನೇಯತೊಡಗಿದಳು, ನಾನು ಫೋನು ನೋಡುತ್ತ ಕೂತೆ. ಮೂರೂವರೆಗೆ ಅದು ಟಿಂಗ್ ಅಂದಿತು.

ಮಾರ್ತಾ ಕನಿಕರದ ಮಾತೇನೂ ಬರೆದಿರಲಿಲ್ಲ, ಬೈದೂ ಇರಲಿಲ್ಲ. ಹಿಂಬದಿಯ ಒಂದು ರೂಮು ಇವತ್ತು ಮುಂಜಾನೆ ಬಿಡುವಾಗಿದೆ. ರದ್ದು ಮಾಡಲು ಬರುವ ದರ ಎಪ್ಪತ್ತೊಂದು, ರದ್ದು ಮಾಡಲು ಬಾರದ ದರ ಅರವತ್ತಮೂರು. ಕಿಟಕಿ ಒಳಗಿನ ಅಂಗಳಕ್ಕೆ ತೆರೆಯುತ್ತದೆ. ರೂಮಿನಲ್ಲಿ ಊದಿನಕಡ್ಡಿ ಹಚ್ಚಬೇಡಿ, ಹೊಗೆಗೆ ಗಂಟೆ ಹೊಡೆದುಕೊಳ್ಳುತ್ತದೆ. ಬಕೀಟು ನಮ್ಮಲ್ಲಿ ಇರುವುದಿಲ್ಲ, ಒಂದನ್ನು ತರಿಸಿ ಇಡುತ್ತೇನೆ. ಮೊದಲ ಕಾಗದದಲ್ಲೇ ನಾನು ಬಕೀಟು ಕೇಳಿದ್ದೆ, ಆಕೆ ಅದನ್ನು ಮರೆತಿರಲಿಲ್ಲ. ಕೊನೆಗೆ ಒಂದು ಪ್ರಶ್ನೆ. ಕಾಗದದಲ್ಲಿ ಮುಖ್ಯ ಅತಿಥಿ ಎಂದು ಯಾರ ಹೆಸರು ಬರೆಯಲಿ?

ಮೊದಲಿನ ಬುಕ್ಕಿಂಗಿನಲ್ಲಿ ಶಾರದಾ ಮತ್ತು ಇನ್ನೊಬ್ಬರು ಎಂದಷ್ಟೇ ಇತ್ತು. ನಾನೇ ಹಾಗೆ ತುಂಬಿದ್ದೆ. ಅದೇನು ಯೋಚಿಸಿ ಮಾಡಿದ್ದಲ್ಲ, ಕೈ ಹಾಗೇ ಓಡಿತ್ತು.

ಅರವತ್ತಮೂರರ ಮೇಲೆ ನನ್ನ ಕಣ್ಣು ಬಿದ್ದದ್ದು ಸುಳ್ಳಲ್ಲ. ಆದರೆ ವೀಸಾ ಇನ್ನೂ ಕೈಗೆ ಬಂದಿರಲಿಲ್ಲ. ವೀಸಾ ಸಿಗದಿದ್ದರೆ ಅರವತ್ತಮೂರೂ ನೀರುಪಾಲು, ಎಪ್ಪತ್ತೊಂದಾದರೆ ಹಿಂದಕ್ಕೆ ಬರುತ್ತದೆ. ಎಪ್ಪತ್ತೊಂದು ಎಂದು ಬರೆದೆ. ಹೆಸರಿನ ಜಾಗದಲ್ಲಿ ಗೌರವ್ವ ಎಂದು ಬರೆದೆ. ಅವಳ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ, ಅಕ್ಷರ ಅಕ್ಷರ ನೋಡಿಕೊಂಡು.

ವೀಸಾ ಕಚೇರಿಯಲ್ಲಿ ಕಾಗದ ನೋಡಿದರು, ಪಕ್ಕಕ್ಕಿಟ್ಟರು, ಒಂದು ಮಾತೂ ಕೇಳಲಿಲ್ಲ. ತೊಂದರೆ ಕೊಟ್ಟದ್ದು ಬೆರಳು. ನಲವತ್ತೈದು ವರ್ಷ ಎಳೆ ಹೊಸೆದ ಬೆರಳಿನಲ್ಲಿ ಗೆರೆಯೇ ಉಳಿದಿಲ್ಲ, ಯಂತ್ರ ಹಿಡಿಯಲೊಲ್ಲದು. ಕೌಂಟರಿನ ಹುಡುಗಿ ಒದ್ದೆ ಬಟ್ಟೆಯಿಂದ ಒರೆಸಿ, ಒತ್ತಿ, ಮತ್ತೆ ಒರೆಸಿ, "ಅಮ್ಮ, ಏನು ಕೆಲಸ ಮಾಡ್ತೀರಿ ನೀವು?" ಎಂದು ಕೇಳಿದಳು. ನಾನು ಬಾಯಿ ತೆಗೆಯುವಷ್ಟರಲ್ಲಿ ಗೌರಕ್ಕ, "ನೇಯ್ತೇನಿ ತಂಗಿ, ಈಕಿ ಉಟ್ಟಾಳಲ್ಲ, ಇದು ನಂದ" ಎಂದು ನನ್ನ ಸೆರಗು ಹಿಡಿದು ತೋರಿಸಿದಳು. ಐದನೆಯ ಸಲಕ್ಕೆ ಬೆರಳು ಮೂಡಿತು. ಹದಿನೆಂಟು ದಿನಕ್ಕೆ ಪಾಸ್‌ಪೋರ್ಟು ಬಂತು, ಒಳಗೆ ವೀಸಾ ಇತ್ತು. ಮುಂದಿನ ತಿಂಗಳು ಹೊರಡುತ್ತೇವೆ.

ನೀವೂ ಹೊರಡುವವರಿದ್ದರೆ ಇಷ್ಟು ಕೇಳಿರಿ. ವೀಸಾ ಕೈಗೆ ಬರುವವರೆಗೆ ರದ್ದಾಗುವ ದರವನ್ನೇ ಕಟ್ಟಿ, ಸೋವಿ ನೋಡಿ ಮರುಳಾಗಬೇಡಿ. ಬೈದವರ ಮಾತು ಓದಿ, ಅದರಲ್ಲಿ ನಿಮಗೆ ಬೇಡವಾದದ್ದನ್ನು ಬಿಡಿ. ಬಚ್ಚಲು ಒಳಗೋ ಹೊರಗೋ ಎಂದು ಎರಡು ಸಲ ಕೇಳಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಹೊರಿ, ಮೊಸರು ಅಲ್ಲಿಯೂ ಸಿಗುತ್ತದಂತೆ. ಬಕೀಟು ಬೇಕಿದ್ದರೆ ನಾಚದೆ ಮೊದಲೇ ಹೇಳಿ. ಎದ್ದು ಹೋಗುವ ಆಟ ಆಡುವ ಮೊದಲು ಎದುರಿಗಿನವರಿಗೆ ಬೇರೆ ಗಿರಾಕಿ ಇದ್ದಾರೋ ಇಲ್ಲವೋ ನೋಡಿ. ಇದ್ದರೆ ಅವರು ಕರೆಯುವುದಿಲ್ಲ. ಇಲ್ಲದಿದ್ದರೆ ನೀವೇ ಏಳಬೇಡಿ.

ಮತ್ತೆ, ರೂಮನ್ನು ಯಾರ ಸಲುವಾಗಿ ಹೋಗುತ್ತೀರೋ ಅವರ ಹೆಸರಿಗೆ ಹಿಡಿಯಿರಿ. ಅಲ್ಲಿಗೆ ಹೋದ ಮೇಲೆ ಹೆಸರು ಕೂಗಿ ಚಾವಿಯನ್ನು ಅವರ ಕೈಗೇ ಕೊಡುತ್ತಾರಂತೆ. ನೀವು ಎರಡು ಹೆಜ್ಜೆ ಹಿಂದೆ, ಚೀಲ ಹಿಡಿದುಕೊಂಡು ನಿಂತರೆ ಸಾಕು.